ಕೋಲ್ಡ್ ಸ್ಟೋರೇಜಿನ ಇಬ್ಬರು ಸೆಂಟರ್‌ಗಳು

ಚೆಂಡು ನೆಲಕ್ಕೆ ಬಡಿದಾಗ ಒಂದು ಶಬ್ದ ಬರುತ್ತದೆ. ಅದರ ಹಿಂದೆಯೇ ಗೋಡೆ ಮುಟ್ಟಿ ಮರಳುವ ಇನ್ನೊಂದು ಶಬ್ದ. ಸೂರಿನ ಕೆಳಗೆ ಬಾಸ್ಕೆಟ್‌ಬಾಲ್ ಆಡಿದವರ ಕಿವಿಗೆ ಈ ಎರಡನೆಯದು ರೂಢಿಯಾಗಿರುತ್ತದೆ. ತಿಕೋಟಾ ರಸ್ತೆಯ ನಮ್ಮ ಹಾಲ್‌ನಲ್ಲಿ ಅದು ಬರುತ್ತಲೇ ಇರಲಿಲ್ಲ. ಚೆಂಡು ಬಡಿಯಿತು, ಮುಗಿಯಿತು. ಸೀಟಿ ಊದಿದರೂ ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ ಶಬ್ದ ಅಲ್ಲೇ ನಿಂತುಬಿಡುತ್ತಿತ್ತು.

ಮೊದಲು ಅದು ದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಆಗಿತ್ತು. ತಂಪು ಹೊರಗೆ ಹೋಗದಿರಲೆಂದು ಗೋಡೆಯೊಳಗೆ ದಪ್ಪವಾಗಿ ಥರ್ಮಾಕೋಲ್ ತುಂಬಿದ್ದರು. ಕಿಟಕಿ ಒಂದೂ ಇರಲಿಲ್ಲ. ಬಾಗಿಲು ತಿಜೋರಿಯ ಬಾಗಿಲಿನಂತೆ ಭಾರ. ಯಂತ್ರಗಳು ಕೆಟ್ಟ ಮೇಲೆ ಅದರ ಮಾಲೀಕರು ಎಲ್ಲವನ್ನೂ ಕಿತ್ತು ಹಾಕಿಸಿ, ಕಟ್ಟಿಗೆಯ ನೆಲ ಹಾಸಿಸಿ, ಎರಡೂ ತುದಿಗೆ ಬೋರ್ಡು ನಿಲ್ಲಿಸಿದರು. ಅವರು ಬಬಲೇಶ್ವರದವರು, ಒಣದ್ರಾಕ್ಷಿಯನ್ನು ಗಲ್ಫ್ ದೇಶಗಳಿಗೆ ಕಳಿಸುವ ವ್ಯಾಪಾರಿ. ಕಾಲೇಜಿನಲ್ಲಿದ್ದಾಗ ಆಡಿದ ಹುಚ್ಚು ಇನ್ನೂ ಇಳಿದಿರಲಿಲ್ಲ. ಹುಡುಗಿಯರ ತಂಡವೊಂದನ್ನು ಕಟ್ಟಿ ಲೀಗ್ ಆಡಿಸಬೇಕೆಂದು ನನ್ನನ್ನು ಕೋಚ್ ಆಗಿ ಕರೆದರು. ಮರುವರ್ಷ ದುಬೈಗೆ ಹೋದಾಗ ಅಲ್ಲಿನ ಶಾಲೆಯೊಂದರಲ್ಲಿ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಫಿಲಿಪ್ಪೀನ್ಸಿನವರೊಬ್ಬರನ್ನು ಕಂಡು, ಒಂದು ಸೀಸನ್ ಮಟ್ಟಿಗೆ ಕರೆದುಕೊಂಡು ಬಂದೇಬಿಟ್ಟರು.

ಆ ಮನುಷ್ಯ ಮನಿಲಾದ ವೃತ್ತಿಪರ ಲೀಗ್‌ನಲ್ಲಿ ಸೆಂಟರ್ ಆಗಿ ಆಡಿದವರು. ಸೆಂಟರ್ ಎಂದರೆ ಬುಟ್ಟಿಯ ಕೆಳಗೆ ನಿಲ್ಲುವವನು, ತಂಡದಲ್ಲಿ ಎಲ್ಲರಿಗಿಂತ ಎತ್ತರದವನು, ಎಲ್ಲರಿಗಿಂತ ಹೆಚ್ಚು ಮೊಣಕೈ ತಿನ್ನುವವನು. ನಾನು ಗಿಡ್ಡಗಿದ್ದುದರಿಂದ ಚೆಂಡು ಸಾಗಿಸುವ ಗಾರ್ಡ್ ಆಗಿದ್ದವಳು. ಬುಟ್ಟಿಯ ಕೆಳಗಿನ ಆಟ ನನಗೆ ಹೊರಗಿನಿಂದ ಮಾತ್ರ ಗೊತ್ತಿತ್ತು. ಅವರು ಬಂದ ದಿನವೇ ಹುಡುಗಿಯರು ಎತ್ತರ ನೋಡಿ ಅವರಿಗೆ ಲಂಬೂ ಸರ್ ಎಂದು ಹೆಸರಿಟ್ಟರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ. ಹುಡುಗಿಯರ ಜೊತೆ ಅವರಿಗೆ "ಬರ್ರಿ", "ಹೋಗ್ರಿ", "ಇನ್ನೊಮ್ಮಿ" ಎಂಬ ಮೂರು ಮಾತು ಸಾಕಾಗುತ್ತಿದ್ದವು.

ಒಂದು ವಿಷಯ ಮೊದಲಿಂದಲೂ ನನಗೆ ವಿಚಿತ್ರವಾಗಿತ್ತು. ಬಿರುಬಿಸಿಲಿನಲ್ಲೂ ಅವರು ತುಂಬುತೋಳಿನ ಅಂಗಿ ತೊಡುತ್ತಿದ್ದರು. ಮೈಗೆ ಮೈ ತಾಗುವ ಅಭ್ಯಾಸಕ್ಕೆ ಎಂದೂ ಇಳಿಯುತ್ತಿರಲಿಲ್ಲ. ಸೆಂಟರ್ ಆದವರಿಗೆ ಬೆನ್ನಿಂದ ಎದುರಾಳಿಯನ್ನು ತಡೆದು ನಿಲ್ಲುವುದೇ ಅರ್ಧ ವಿದ್ಯೆ. ಅದನ್ನು ಕಲಿಸಲು ಅವರು ಒಣದ್ರಾಕ್ಷಿಯ ಚೀಲವೊಂದನ್ನು ತೊಲೆಗೆ ತೂಗುಹಾಕಿಸಿದರು. ಹುಡುಗಿ ಚೀಲಕ್ಕೆ ಬೆನ್ನು ಒತ್ತಿ ನಿಲ್ಲಬೇಕು. ಚೀಲ ಯಾವ ಕಡೆ ಜಾರುತ್ತದೋ ತಿಳಿದು, ಅದರ ಎದುರು ಕಡೆಗೆ ಕಾಲು ಹಿಂದೆ ಹಾಕಿ ಒಮ್ಮೆಲೇ ತಿರುಗಿ ಎಗರಬೇಕು. "ಬೆನ್ನಿಗೆ ಕಣ್ಣು ಬರುವವರೆಗೆ" ಎನ್ನುತ್ತಿದ್ದರು.

ಆ ಶಬ್ದವನ್ನು ಮೊದಲು ಕೇಳಿಸಿಕೊಂಡವಳು ನಮ್ಮ ಗಾರ್ಡ್ ಹುಡುಗಿ.

"ಮೇಡಮ್ಮರ, ಒಳಗ ಗಡಿಯಾರ ಐತೇನ್ರಿ?"

"ಇಲ್ಲ. ಯಾಕ?"

"ಟಿಕ್ ಟಿಕ್ ಅಂತೈತ್ರಿ. ನಾ ಬೂಟ್ ಕಟ್ಟಾಕತ್ತಿದ್ದೆ, ನನ್ನ ಹಿಂದ ಬಂದ ನಿಂತಂಗಾತ್ರಿ. ಹೊಳ್ಳಿ ನೋಡೂದ್ರಾಗ ಯಾರೂ ಇದ್ದಿಲ್ರಿ."

ನಾನು ನಕ್ಕೆ. ಎರಡು ದಿನ ಕಳೆದ ಮೇಲೆ ನನಗೂ ಕೇಳಿಸಿತು. ನೀರು ಕುಡಿಯಲು ಎಲ್ಲರೂ ಕೂತಿದ್ದರು, ಮಾತಿರಲಿಲ್ಲ. ಸಣ್ಣಗೆ, ಲೋಹ ಲೋಹಕ್ಕೆ ತಾಗಿದಂಥ ಶಬ್ದ, ಬಿಡದೆ. ಕಿವಿಗೊಟ್ಟರೆ ಇತ್ತು, ಯಾರಾದರೂ ಕೆಮ್ಮಿದರೆ ಇಲ್ಲ. ಮೀಟರ್ ಬೋರ್ಡಿಗೆ ಕಿವಿ ಹಚ್ಚಿದೆ. ಹಳೆಯ ಪೈಪುಗಳನ್ನು ಬಡಿದು ನೋಡಿದೆ. ನಳದಿಂದ ಹನಿ ಬೀಳುತ್ತಿದೆಯೇ ಎಂದು ಪಾಯಿಖಾನೆಯವರೆಗೂ ಹೋಗಿಬಂದೆ. ಏನೂ ಇರಲಿಲ್ಲ. ಅಷ್ಟರಲ್ಲಿ ಹಿಂದೆ ಕೂಲಿಯೊಬ್ಬ ತಂಪಿನೊಳಗೆ ಸಿಕ್ಕಿಕೊಂಡು ಸತ್ತಿದ್ದನಂತೆ ಎಂಬ ಮಾತು ತಂಡದಲ್ಲಿ ಹುಟ್ಟಿತು. ಕಾವಲುಗಾರನನ್ನು ಕೇಳಿದರೆ, "ಇಲ್ರಿ ಯಪ್ಪಾ, ಇಲ್ಲಿ ಇಲಿ ಸುದ್ದಾ ಸತ್ತಿಲ್ಲ" ಎಂದ. ಆದರೂ ಹುಡುಗಿಯರು ಒಬ್ಬೊಬ್ಬರೇ ಒಳಗೆ ಹೋಗುವುದನ್ನು ಬಿಟ್ಟರು. ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಅಮ್ಮಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆಯೇ, "ಖಾಲಿ ಜಾಗಾ ಅಂದ್ರ ಖಾಲಿ ಇರಂಗಿಲ್ಲ. ಬಿಸ್ಮಿಲ್ಲಾ ಅಂತ ಕಾಲ ಇಡು" ಎಂದಳು. ಮರುದಿನದಿಂದ ನಾನೂ ಹಾಗೆಯೇ ಕಾಲಿಡತೊಡಗಿದೆ.

ಒಂದು ಮುಂಜಾನೆ ಹೊರಗೆ ಧೂಳಿನ ಗಾಳಿ. ಬಾಗಿಲು ಎಳೆದುಕೊಂಡು ಅಭ್ಯಾಸ ನಡೆಸಿದ್ದೆವು. ಕರೆಂಟು ಹೋಯಿತು. ಹೊರಗೆ ಬಿಸಿಲು ಸುರಿಯುತ್ತಿದ್ದರೂ ಒಳಗೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕತ್ತಲು. ಓಡುವವರು ಡಿಕ್ಕಿ ಹೊಡೆದಾರೆಂದು, "ಯಾರೂ ಅಲಗಬ್ಯಾಡ್ರಿ, ಇದ್ದಲ್ಲೇ ನಿಲ್ರಿ" ಎಂದು ಕೂಗಿದೆ. ಎಲ್ಲ ಬೂಟುಗಳೂ ನಿಂತವು. ಆಗ ಅದು ಕೇಳಿಸಿತು. ಗೋಡೆಯಿಂದಲ್ಲ. ನನ್ನ ತಲೆಗಿಂತ ಮೇಲಿನಿಂದ. ಮತ್ತು ಅದು ನನ್ನ ಕಡೆಗೆ ಬರುತ್ತಿತ್ತು. ಯಾರೋ ಹುಡುಗಿ ಅಳಲು ಶುರುಮಾಡಿದಳು. ನನ್ನ ಬಾಯಿಂದ ಬಿಸ್ಮಿಲ್ಲಾ ಕೂಡ ಹೊರಡಲಿಲ್ಲ.

ಮೊಬೈಲಿನ ಬೆಳಕು ಹತ್ತಿತು. ನನ್ನ ಪಕ್ಕದಲ್ಲೇ ಲಂಬೂ ಸರ್ ನಿಂತಿದ್ದರು.

"ಹೆದರಬೇಡಿ. ಅದು ನಾನೇ" ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ದಂತವೈದ್ಯರ ಎದುರು ಕೂತವರಂತೆ ಬಾಯಿ ಅಗಲಿಸಿದರು. ಟಿಕ್ ಟಿಕ್ ಶಬ್ದ ಒಮ್ಮೆಲೇ ದೊಡ್ಡದಾಗಿ, ಅವರ ಬಾಯಿಂದಲೇ ಹೊರಗೆ ಬಂತು. ಮುಚ್ಚಿದರು, ಸಣ್ಣದಾಯಿತು. ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ಹಿಂದೆ ಸರಿದರು. ನಮ್ಮ ಸೆಂಟರ್ ಹುಡುಗಿ ಒಬ್ಬಳೇ ಮುಂದೆ ಬಂದು, ಕತ್ತು ಓರೆ ಮಾಡಿ ಕೇಳಿಸಿಕೊಂಡಳು.

"ನೋಯ್ತೈತೇನ್ರಿ ಸರ?"

ನಾನು ಅನುವಾದಿಸಿದೆ.

"ಈ ಶಬ್ದ ನಿಂತರೆ ಮಾತ್ರ" ಎಂದರು ಅವರು. ಹುಡುಗಿ ಕಿಲಕಿಲ ನಕ್ಕಳು.

ಅವರ ಎದೆಯೊಳಗೆ ಲೋಹದ ಕವಾಟವಿತ್ತು. ಸಾಮಾನ್ಯ ಕೋಣೆಯಲ್ಲಿ ಅದರ ಶಬ್ದ ಬೇರೆ ಶಬ್ದಗಳಲ್ಲಿ ಅಡಗಿಹೋಗುತ್ತಿತ್ತಂತೆ. ನಮ್ಮ ಹಾಲ್‌ನಲ್ಲಿ ಅದಕ್ಕೆ ಅಡಗಲು ಏನೂ ಇರಲಿಲ್ಲ. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅವರು ದಿನಾ ಗುಳಿಗೆ ನುಂಗಬೇಕಿತ್ತು. ಅದರಿಂದ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತಿತ್ತು. ತುಂಬುತೋಳಿನ ಅಂಗಿ, ತೂಗುವ ಚೀಲ ಎಲ್ಲಕ್ಕೂ ಅರ್ಥ ಸಿಕ್ಕಿತು. ಆಗಾಗ ರಕ್ತ ತಪಾಸಣೆಗೆ ಸ್ಟೇಷನ್ ರಸ್ತೆಯ ಲ್ಯಾಬಿಗೆ ಹೋಗಬೇಕಿತ್ತು. ಅಂದಿನಿಂದ ಅವರನ್ನು ನಾನೇ ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗತೊಡಗಿದೆ. ಜನ ನಿಂತು ನೋಡುತ್ತಿದ್ದರು. ಅವರ ಮೊಣಕಾಲು ನನ್ನ ಹ್ಯಾಂಡಲ್‌ವರೆಗೆ ಬರುತ್ತಿತ್ತು.

ಲ್ಯಾಬಿನ ಬೆಂಚಿನ ಮೇಲೆ ಸರದಿಗೆ ಕಾಯುತ್ತಾ ಅವರು ತಮ್ಮ ಆಟದ ಬಾಳನ್ನು ಹೇಳಿದರು. ಸಮುದ್ರದ ದಂಡೆಯ ಮೀನುಗಾರರ ಮಗ. ಎತ್ತರ ನೋಡಿಯೇ ಕಾಲೇಜೊಂದು ಎತ್ತಿಕೊಂಡು ಹೋಯಿತು. ಚೆಂಡು ಹಿಡಿಯಲು ಬರುವ ಮೊದಲೇ ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಅವರ ನಾಡಿನಲ್ಲಿ ಪ್ರತಿ ಓಣಿಯಲ್ಲೂ ಒಂದು ಬುಟ್ಟಿ, ತೆಂಗಿನ ಮರಕ್ಕೆ ಮೊಳೆ ಹೊಡೆದದ್ದಾದರೂ ಸರಿ. ಅಂಥಲ್ಲಿ ವೃತ್ತಿಪರ ಸೆಂಟರ್ ಅಂದರೆ ಸಣ್ಣ ಮಾತಲ್ಲ. ಬಸ್ಸಿನವರು ಟಿಕೆಟ್ ತೆಗೆದುಕೊಳ್ಳುತ್ತಿರಲಿಲ್ಲ, ಮದುವೆಗಳಿಗೆ ಗುರುತಿಲ್ಲದವರೂ ಕರೆಯುತ್ತಿದ್ದರು. ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ತಡೆಯುವುದರಲ್ಲಿ ಅವರ ಹೆಸರು. ಮೂರನೆಯ ಸೀಸನ್‌ನಲ್ಲಿ ಉಸಿರು ಸಾಲದಾಯಿತು. ಕೋಚ್, ಇನ್ನೂ ಓಡು ಎಂದ. ಓಡಿದರು. ಒಂದು ಆಟದ ನಡುವೆ, ಯಾರೂ ಮುಟ್ಟದೆಯೇ, ಹೆಗಲುಗಳ ನಡುವೆ ಬೆನ್ನಲ್ಲಿ ಏನೋ ಹರಿದಂತಾಯಿತು. ಅವರು ಬೀಳಲಿಲ್ಲ, ತಾವೇ ನಡೆದು ಹೋಗಿ ಬೆಂಚಿನ ಮೇಲೆ ಕೂತರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಎದೆಯೊಳಗೆ ಈ ಗಡಿಯಾರ ಇತ್ತು. ಆಟ ಮುಗಿದಿತ್ತು.

"ತಂಡದವರು ಒಳ್ಳೆಯವರು. ಸಹಾಯಕ ಕೋಚ್ ಮಾಡಿಕೊಂಡರು" ಎಂದರು. "ಆದರೆ ಹೋಟೆಲಿನಲ್ಲಿ ನನ್ನ ಕೋಣೆ ಹಂಚಿಕೊಳ್ಳಲು ಯಾರೂ ಒಪ್ಪುತ್ತಿರಲಿಲ್ಲ. ತಮ್ಮ ಹೃದಯದ ಮೇಲೆ ಗಮನ ಹೋಗುತ್ತದಂತೆ, ನಿದ್ದೆ ಬರುವುದಿಲ್ಲವಂತೆ."

ಅವರು ಇನ್ನೊಂದು ಮಾತು ಹೇಳಿದರು. ಆ ಕೊನೆಯ ಆಟದ ಟೀವಿ ದೃಶ್ಯವನ್ನು ಅವರು ಆಮೇಲೆ ನೋಡಿದ್ದರು. ಕ್ಯಾಮೆರಾ ಬೆಂಚಿನ ಮೇಲೆ ಕೂತ ಅವರ ಮುಖವನ್ನು ಹತ್ತಿರದಿಂದ ತೋರಿಸಿತ್ತು. "ನನ್ನ ತಲೆ ಮೇಲೆ ಕೆಳಗೆ ಆಡುತ್ತಿತ್ತು. ಹೌದು, ಹೌದು, ಹೌದು ಅಂತ. ನನಗೆ ಯಾರೂ ಏನೂ ಕೇಳಿರಲಿಲ್ಲ."

ನಮ್ಮ ಸೆಂಟರ್ ಹುಡುಗಿ ಕನಮಡಿಯವಳು. ಆರಡಿ ದಾಟಿದ ಎತ್ತರ, ಬಡಕಲು ಮೈ, ಮೊಣಕಾಲಿನ ಹತ್ತಿರ ಬರುವ ಕೈಗಳು. ಕುರಿ ಮೇಯಿಸುವ ಮನೆತನ. ಕಾಲೇಜಿನ ಮೈದಾನದಲ್ಲಿ ಗುಂಡು ಎಸೆಯುತ್ತಿದ್ದವಳನ್ನು ನಾನೇ ಹುಡುಕಿ ತಂದಿದ್ದೆ. ಅವಳಷ್ಟು ಧೈರ್ಯದಿಂದ ನೆಲಕ್ಕೆ ಬೀಳುವ ಆಟಗಾರ್ತಿಯನ್ನು ನಾನು ಕಂಡಿಲ್ಲ. ಚೆಂಡಿಗಾಗಿ ಗೋಡೆಗೆ ಹೋಗಿ ಬಡಿಯುವಳು, ಎದ್ದು ನಗುವಳು. ನನಗೆ ಇನ್ನೊಂದು ಕಾರಣಕ್ಕೂ ಅವಳೆಂದರೆ ಇಷ್ಟ. ಉಳಿದವರು ನಾನು ಹೇಳುವುದನ್ನು ಕಲ್ಲಿನಂತೆ ಕೂತು ಕೇಳುತ್ತಿದ್ದರು. ಇವಳು ಮಾತ್ರ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು.

ಬೇರೆ ಊರಿನಲ್ಲಿ ನಡೆಯಲಿದ್ದ ಲೀಗ್‌ನ ಕೊನೆಯ ಸುತ್ತು ಹತ್ತಿರ ಬಂದಾಗ ಲಂಬೂ ಸರ್ ಅವಳಿಗೆ ಕಲಿಸುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಚೀಲದ ಅಭ್ಯಾಸ ಬೇಡವೆಂದರು. ಓಟ ಬೇಡವೆಂದರು. ಕಾರಣ ಕೇಳಿದರೆ ಹೇಳಲಿಲ್ಲ. ಬೆಂಚಿನ ಮೇಲೆ ಕೂತ ಅವಳನ್ನು ಪಕ್ಕದಿಂದ ನೋಡುತ್ತಾ ನಿಲ್ಲುತ್ತಿದ್ದರು. ಅದು ನನಗೆ ಸರಿಬರಲಿಲ್ಲ. ಕೊನೆಗೆ ಒಂದು ದಿನ ಅವರು ನನ್ನನ್ನು ತಮ್ಮ ಪಕ್ಕ ನಿಲ್ಲಿಸಿಕೊಂಡರು.

"ಅವಳ ಕಿವಿಯ ರಿಂಗು ನೋಡಿ."

ಹುಡುಗಿ ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಎದುರಿನ ಗೋಡೆ ನೋಡುತ್ತಿದ್ದಳು. ಯಾರೂ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ರಿಂಗು ಸಣ್ಣಗೆ ತೂಗುತ್ತಿತ್ತು. ನಿಂತೀತೆಂದು ಕಾದೆ, ನಿಲ್ಲಲಿಲ್ಲ. ಆಗ ಕಂಡಿತು, ತೂಗುತ್ತಿದ್ದದ್ದು ರಿಂಗಲ್ಲ. ಅವಳ ತಲೆ. ಎಷ್ಟೋ ದೂರದಲ್ಲಿ ಯಾರೋ ಕೇಳುತ್ತಿದ್ದ ಪ್ರಶ್ನೆಗೆ ಉತ್ತರಿಸುತ್ತಿರುವಂತೆ, ಒಂದೇ ಲಯದಲ್ಲಿ. ಲಂಬೂ ಸರ್ ಅದೇ ಲಯವನ್ನು ಬೆರಳಿನಿಂದ ಚೆಂಡಿನ ಮೇಲೆ ತಟ್ಟಿ ತೋರಿಸಿದರು. ಎದೆಬಡಿತದ ಲಯ.

ಅವರು ಎಲ್ಲ ಹುಡುಗಿಯರನ್ನೂ ಕರೆದು ಆಟದಂತೆ ಒಂದು ಪರೀಕ್ಷೆ ಮಾಡಿದರು. ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ ಎಂದರು. ಎಲ್ಲರ ಹೆಬ್ಬೆಟ್ಟು ಒಳಗೇ ಉಳಿಯಿತು. ಕನಮಡಿಯವಳದು ಮುಷ್ಟಿಯ ಆ ಬದಿಯಿಂದ ಹೊರಗೆ ಇಣುಕಿತು. ಒಂದು ಕೈಯಿಂದ ಇನ್ನೊಂದು ಮಣಿಕಟ್ಟನ್ನು ಸುತ್ತಿ ಹಿಡಿಯಿರಿ ಎಂದರು. ಅವಳ ಹೆಬ್ಬೆಟ್ಟೂ ಕಿರುಬೆರಳೂ ಸುತ್ತಿ ಬಂದು ಒಂದರ ಮೇಲೊಂದು ಏರಿದವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವಳೂ ಹೆಮ್ಮೆಯಿಂದ ಕೈ ಎತ್ತಿ ತೋರಿಸಿದಳು. "ನಮ್ಮ ಮಾಮಾನ ಕೈನೂ ಹಿಂಗ ಇದ್ವಂತ್ರಿ" ಎಂದಳು.

ಲಂಬೂ ಸರ್ ತಮ್ಮ ಕೈ ಹೊರತೆಗೆದು ಅದೇ ಎರಡು ಆಕಾರ ಮಾಡಿ ನನಗೊಬ್ಬಳಿಗೇ ತೋರಿಸಿದರು.

ಇದು ಹುಟ್ಟಿನಿಂದ ಬರುವ ಒಂದು ದೋಷವೆಂದು ಅವರು ವಿವರಿಸಿದರು. ಎಲುಬುಗಳು ಉದ್ದ ಬೆಳೆಯುತ್ತವೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ಬಲಹೀನವಾಗಿರುತ್ತದೆ. ಅದು ಒಳಗೇ ಉಬ್ಬುತ್ತಾ ಹೋದಂತೆ ಕವಾಟ ಸೋರಿ ಬಡಿತಕ್ಕೊಮ್ಮೆ ತಲೆ ಅಲುಗುತ್ತದೆ, ಕೊನೆಗೆ ಒಂದು ದಿನ ನಾಳವೇ ಹರಿಯುತ್ತದೆ. ಯಾವ ಎತ್ತರ ನೋಡಿ ನಾವು ಸೆಂಟರ್‌ಗಳನ್ನು ಆರಿಸುತ್ತೇವೋ ಕೆಲವರಲ್ಲಿ ಆ ಎತ್ತರವೇ ಅದರ ಗುರುತು. ನಾನು ನಂಬಲೂ ಇಲ್ಲ, ನಂಬದೆ ಇರಲೂ ಇಲ್ಲ. ಹುಡುಗಿಯನ್ನು ಪರಿಚಯದ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದೆ. ದವಾಖಾನೆಯಲ್ಲಿ ಗದ್ದಲ. ಅವರು ಎದೆಗೆ ನಳಿಗೆಯಿಟ್ಟು ಕೇಳಿ, ಸ್ವಲ್ಪ ಸಪ್ಪಳ ಇದೆ, ಆಟಗಾರರಲ್ಲಿ ಹೃದಯ ದೊಡ್ಡದಿರುತ್ತದೆ, ಆದರೂ ಬಿಡುವಾದಾಗ ಒಮ್ಮೆ ಹೃದಯದ ಸ್ಕ್ಯಾನ್, ಎಕೋ, ಮಾಡಿಸಿ ಎಂದರು. ಬಿಡುವಾದಾಗ ಎಂಬ ಮಾತನ್ನು ಹುಡುಗಿ ಗಟ್ಟಿಯಾಗಿ ಹಿಡಿದುಕೊಂಡಳು.

ಮಾಲೀಕರನ್ನು ಕಾಣಲು ಬಬಲೇಶ್ವರಕ್ಕೆ ಹೋದೆ. ಅವರು ಅಂಗಳದಲ್ಲಿ ಒಣದ್ರಾಕ್ಷಿಯ ನಮೂನೆಗಳನ್ನು ಬಣ್ಣ ನೋಡಿ ಬೇರ್ಪಡಿಸುತ್ತಿದ್ದರು.

"ಮೇಡಂ, ಅಕಿ ಇಲ್ಲ ಅಂದ್ರ ತಂಡ ಎಲ್ಲದ? ನಾಕ ದಿನದಾಗ ಏನ್ ಆಗ್ತದ ಹೇಳ್ರಿ. ಮ್ಯಾಚ್ ಮುಗಿಸಿ ಬರ್ರಿ, ಎಲ್ಲಿ ಬೇಕಲ್ಲಿ ತೋರಸೋಣು. ಖರ್ಚ ನಂದು."

"ಸಾಹೇಬ್ರ, ನಡುವ ಏನರ ಆದ್ರ?"

"ಕುಂತಾಗ ತಲಿ ಅಲಗತದ ಅಂತ ಆಟ ಬಿಡಸ್ತೀರೇನ್ರಿ? ನಮ್ಮಪ್ಪಂದೂ ಅಲಗತಿತ್ತು. ಎಂಬತ್ತ ವರ್ಷ ಬಾಳ್ಯಾನ."

ಅವರು ಕೆಟ್ಟವರಲ್ಲ. ನನಗೂ ಒಳಗೊಳಗೆ ಅದೇ ಬೇಕಿತ್ತೇನೋ, ಏಕೆಂದರೆ ಆ ಮಾತು ಕೇಳಿ ಹಗುರವಾಯಿತು. ಆದರೂ ಮನೆಯವರಿಗೊಂದು ಮಾತು ಹಾಕಬೇಕೆಂದು ಲಂಬೂ ಸರ್ ಜೊತೆ ಕನಮಡಿಗೆ ಹೋದೆ.

ಊರ ಹೊರಗಿನ ತೋಟಪಟ್ಟಿಯ ಮನೆ. ನಡುಮಧ್ಯಾಹ್ನ, ಕುರಿಗಳು ಹಟ್ಟಿಯ ನೆರಳಲ್ಲಿ ಅಲುಗದೆ ನಿಂತಿದ್ದವು. ನಾನು ಮೊದಲು ಗಮನಿಸಿದ್ದು ಬಾಗಿಲು. ಆ ಭಾಗದ ಹಳೆಯ ಮನೆಗಳಲ್ಲಿ ಎಂಥವರೂ ಬಗ್ಗಿ ಒಳಗೆ ಹೋಗಬೇಕು. ಇಲ್ಲಿ ಚೌಕಟ್ಟಿನ ಮೇಲಿನ ಕಲ್ಲು ಒಡೆದು ಬಾಗಿಲನ್ನು ಎತ್ತರಿಸಿದ್ದರು. ಲಂಬೂ ಸರ್ ನಮ್ಮ ಜಿಲ್ಲೆಗೆ ಬಂದ ಮೇಲೆ ಮೊದಲ ಬಾರಿ ತಲೆ ತಗ್ಗಿಸದೆ ಒಂದು ಮನೆಯೊಳಗೆ ಹೋದರು.

ಹುಡುಗಿಯ ತಂದೆ ಗಿಡ್ಡ ಮನುಷ್ಯ, ಮಾತು ಕಡಿಮೆ. ಮಾತಾಡಿದವಳು ತಾಯಿಯ ತಾಯಿ, ಆಯಿ. ಅವಳೂ ಗಿಡ್ಡವೇ. ಲಂಬೂ ಸರ್ ಒಳಗೆ ಕಾಲಿಟ್ಟೊಡನೆ ಅವಳು ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಅವರನ್ನೇ ನೋಡಿದಳು, ಬಹಳ ಹೊತ್ತು.

"ಇಂವಾ ಯಾರ್ರಿ ಅಕ್ಕಾರ? ನಮ್ಮ ಮಂದಿ ಹಂಗ ಅದಾನಲ್ಲ."

ಗೋಡೆಯ ಮೇಲೆ ಮಾಲೆ ಹಾಕಿದ ಮೂರು ಫೋಟೋಗಳಿದ್ದವು. ಆಯಿಯ ಗಂಡ, ಮಗ, ಮಗಳು. ಉದ್ದ ಮುಖ, ಉದ್ದ ಕತ್ತು, ತೊಡೆಯ ಮೇಲಿಟ್ಟ ಉದ್ದ ಬೆರಳುಗಳು. ಮೂರು ಜನರೂ ಹರೆಯದವರೇ.

"ನಮ್ಮ ಮನ್ಯಾಗ ಉದ್ದನ್ನವರು ಬಾಳೂದಿಲ್ರಿ" ಎಂದಳು ಆಯಿ, ಮಳೆ ತಡವಾಯಿತು ಎನ್ನುವಷ್ಟೇ ಸಹಜವಾಗಿ. "ದೇವರಿಗೆ ಎತ್ತರಕ್ಕ ಇದ್ದದ್ದು ಲಗೂನ ಕಾಣತೈತಿ. ಇಕಿ ಅಜ್ಜ ಹೊಲದಾಗ ಚೀಲಾ ಎತ್ತಾಕ ಹೋಗಿ ಕುಂತ ಬಿಟ್ಟ. ಬೆನ್ನಾಗ ಕುಡಗೋಲ ಎಳದಂಗ ಆತು ಅಂದ, ಅಷ್ಟ. ಮಗ ಉಣಕೋತ ಕುಂತಾವ ಹಂಗ ಅಂದು ಹ್ವಾದ. ಇಕಿ ಅವ್ವ ಎರಡನೇ ಬಸರಿ ಇದ್ಲು. ಅಕೀನೂ ಬೆನ್ನ ಹಿಡಕೊಂಡ್ಲು. ಯಾರೂ ಮೂವತ್ತ ದಾಟಲಿಲ್ರಿ."

ಹುಡುಗಿ ಒಲೆಯ ಮುಂದೆ ಚಹಾ ಸೋಸುತ್ತಿದ್ದಳು. ಅವಳಿಗೆ ಇದೆಲ್ಲ ಕೇಳಿ ಕೇಳಿ ಹಳತಾಗಿತ್ತು. ನಾನು ಲಂಬೂ ಸರ್‌ಗೆ ಆ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಕೈ ತಾನೇ ತಾನಾಗಿ ಹೆಗಲ ಹಿಂದೆ, ಬೆನ್ನಿಗೆ ಹೋಯಿತು. ಆ ತಂಪು ಮನೆಯಲ್ಲಿ ಎಲ್ಲರೂ ಸುಮ್ಮನಾದಾಗ ಅವರ ಎದೆಯ ಶಬ್ದ ಕೇಳಿಸಿತು. ಆಯಿ ಕತ್ತು ಎತ್ತಿದಳು.

"ಏನದು?"

"ಅವರ ಎದಿ, ಆಯಿ. ಡಾಕ್ಟರು ಒಳಗ ಮಶೀನ್ ಹಾಕ್ಯಾರ. ಅವರಿಗೂ ಬೆನ್ನಾಗ ಹಂಗ ಆಗಿತ್ತು."

"ಆಗಿ ಎಷ್ಟ ವರ್ಷಾತು?"

"ಇಪ್ಪತ್ತರ ಮ್ಯಾಲಾತು."

ಅವಳು ಎದ್ದು ಬಂದು, ಫೋಟೋಗಳನ್ನೊಮ್ಮೆ ನೋಡಿ, ಲಂಬೂ ಸರ್ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆದರೂ ಹೊರಡುವಾಗ ತಂದೆ ಹೇಳಿದ್ದು ಇಷ್ಟೇ: "ಅಕಿಗೆ ಆಡೂದಂದ್ರ ಜೀವ ಐತ್ರಿ. ನೀವು ಏನ್ ಮಾಡ್ತೀರಿ ಮಾಡ್ರಿ."

ಎಲ್ಲರೂ ನಿರ್ಧಾರವನ್ನು ನನ್ನ ಮುಂದೆ ಇಟ್ಟು ಹಿಂದೆ ಸರಿದಿದ್ದರು. ಲಂಬೂ ಸರ್ ಕೂಡ. "ನಾನು ಹೊರಗಿನವನು" ಎಂದರು. ನಾನು ಮಧ್ಯದ ದಾರಿ ಹಿಡಿದೆ. ಕರೆದುಕೊಂಡು ಹೋಗುತ್ತೇನೆ, ಸ್ವಲ್ಪ ಹೊತ್ತು ಮಾತ್ರ ಆಡಿಸುತ್ತೇನೆ, ಬಂದ ಮೇಲೆ ತಪಾಸಣೆ. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ.

ಹೊರಡುವ ದಿನ ಮುಂಜಾನೆ ವ್ಯಾನು ತಿಕೋಟಾ ಕಡೆಯಿಂದ ವಿಜಯಪುರಕ್ಕೆ ಬಂತು. ನಾನು ಮುಂದಿನ ಸೀಟಿನಲ್ಲಿ ಹಿಂದೆ ತಿರುಗಿ ಕೂತು ಹುಡುಗಿಯರಿಗೆ ಎದುರಾಳಿ ತಂಡದ ಆಟ ವಿವರಿಸುತ್ತಿದ್ದೆ. ರಸ್ತೆ ಕೆಟ್ಟಿತ್ತು. ಎಲ್ಲರ ತಲೆಗಳೂ ಒಟ್ಟಿಗೆ ಕುಣಿಯುತ್ತಿದ್ದವು, ಅವಳದೂ. ನೋಡಿ ಸಮಾಧಾನವೆನಿಸಿತು. ಸ್ಟೇಷನ್ ರಸ್ತೆಯಲ್ಲಿ ಮುಂದೆ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿತು. ಡ್ರೈವರ್ ಎಂಜಿನ್ ಆರಿಸಿದ.

ತಲೆಗಳು ಒಂದೊಂದಾಗಿ ನಿಂತವು. ಎರಡು ಸಾಲು ಮುಖಗಳು ಸ್ಥಿರವಾಗಿ ನನ್ನನ್ನೇ ನೋಡುತ್ತಿದ್ದವು. ಹಿಂದಿನ ಸೀಟಿನಲ್ಲಿ, ಎಲ್ಲರಿಗಿಂತ ಎತ್ತರದಲ್ಲಿ, ಒಂದು ತಲೆ ಮಾತ್ರ ನಿಲ್ಲಲಿಲ್ಲ. ಹೌದು, ಹೌದು, ಹೌದು. ಅವಳು ನನ್ನನ್ನು ನೋಡಿ ನಕ್ಕಳು, ಏನೂ ಗೊತ್ತಿಲ್ಲದೆ. ತಲೆ ಆಡುತ್ತಲೇ ಇತ್ತು. ನಾನು ಏನು ಕೇಳಿದರೂ ಆ ತಲೆ ಹೌದೆನ್ನುತ್ತದೆ ಎಂದು ಆಗ ಅನಿಸಿತು. ಆಡ್ತೀಯಾ ಎಂದರೂ, ಸಾಯ್ತೀಯಾ ಎಂದರೂ.

"ಚೀಲ ತಗೊಂಡು ಇಳಿ" ಎಂದೆ.

"ಯಾಕ್ರಿ ಮೇಡಮ್ಮರ?"

"ಇಳಿ ಬೇ."

ವ್ಯಾನಿನಲ್ಲಿದ್ದ ನನ್ನ ಸಹಾಯಕ ಕೋಚ್‌ಗೆ ತಂಡ ಒಪ್ಪಿಸಿ, ಅವಳನ್ನೂ ಲಂಬೂ ಸರ್ ಅವರನ್ನೂ ಇಳಿಸಿಕೊಂಡೆ. ದಾರಿ ಬಿಟ್ಟಿತು, ವ್ಯಾನು ಹೋಯಿತು. ಅವಳು ರಸ್ತೆಯ ನಡುವೆಯೇ ಕೂಗಾಡಿದಳು. "ಸತ್ರ ನಾ ಸಾಯ್ತೀನ್ರಿ, ನಿಮ್ಮದೇನ್ ಹೋಗ್ತೈತಿ? ಆಡೇ ಸಾಯ್ತೀನಿ ಬಿಡ್ರಿ!" ಅಂಗಡಿಗಳವರು ಹೊರಗೆ ಬಂದು ನೋಡಿದರು. ಮಾಲೀಕರ ಫೋನು ಬಂತು. ಎತ್ತಲಿಲ್ಲ. ಮೂವರೂ ನಡೆದು ಎಕೋ ಮಾಡುವ ಆಸ್ಪತ್ರೆಗೆ ಹೋದೆವು. ಅವಳು ಮುಂದೆ ಮುಂದೆ, ನಮ್ಮ ಕಡೆ ತಿರುಗದೆ, ಲಗುಬಗೆಯಿಂದ. ಹಾಗೆ ನಡೆಯಬೇಡ ಎನ್ನಲು ಲಂಬೂ ಸರ್‌ಗೆ ಕನ್ನಡ ಸಿಗಲಿಲ್ಲ. "ಹೋಗ್ರಿ, ಹೋಗ್ರಿ" ಎಂದು ತಪ್ಪು ಮಾತನ್ನೇ ಕೂಗುತ್ತಿದ್ದರು.

ಕತ್ತಲೆ ಕೋಣೆಯಲ್ಲಿ ಅವಳನ್ನು ಎಡ ಮಗ್ಗುಲಾಗಿ ಮಲಗಿಸಿದರು. ವೈದ್ಯೆ ಎದೆಗೆ ಜೆಲ್ ಹಚ್ಚಿ ಯಂತ್ರದ ಮೂತಿ ಇಟ್ಟು, ಮೊದಲು ಅವಳ ಊರು, ಆಟ ಎಲ್ಲ ವಿಚಾರಿಸುತ್ತಿದ್ದರು. ನಡುವೆ ಮಾತು ನಿಂತಿತು. ಪರದೆಯ ಮೇಲೆ ಬೂದು ಬಣ್ಣದ ಒಂದು ಆಕಾರ ಬಾಯಿ ತೆರೆದು ಮುಚ್ಚುತ್ತಿತ್ತು. ಮುಚ್ಚುವುದು ಪೂರ್ತಿಯಾಗುತ್ತಿರಲಿಲ್ಲ. ಹೊರಗೆ ಹೋದ ರಕ್ತ ಪ್ರತಿ ಬಡಿತಕ್ಕೂ ಮರಳಿ ಒಳಗೆ ಸುರಿಯುವುದು ಬಣ್ಣದಲ್ಲಿ ಉರಿಯಂತೆ ಕಾಣುತ್ತಿತ್ತು. ಅದರ ಮೇಲೆ, ಕೊಳವೆಯಂತಿರಬೇಕಾದ ರಕ್ತನಾಳದ ಬುಡ ಈರುಳ್ಳಿಗಡ್ಡೆಯಂತೆ ಉಬ್ಬಿತ್ತು. ವೈದ್ಯೆ ಅಳತೆ ತೆಗೆದರು. ಅಳಿಸಿ ಮತ್ತೊಮ್ಮೆ ತೆಗೆದರು. ಹಿರಿಯ ವೈದ್ಯರನ್ನು ಕರೆಸಿದರು. ಅವರು ನೋಡಿ, ಬಹಳ ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ ಹೇಳಿದರು:

"ತಂಗಿ, ನೀ ಏಳಬ್ಯಾಡ. ನಾವ್ ಎತ್ತತೀವಿ."

ಬರುವಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ್ದ ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಅವಳ ಸಿಟ್ಟು ಎಲ್ಲಿ ಹೋಯಿತೋ. ಲಂಬೂ ಸರ್ ಪಕ್ಕದಲ್ಲಿ ನಡೆಯುತ್ತಾ, ಅವಳಿಗೆ ಕೇಳಲಿ ಎಂದು, ಬಾಯಿ ತೆರೆದು ತೋರಿಸಿದರು. ಅವಳು ನಗಲಿಲ್ಲ. ಅವರ ಅಂಗಿಯ ತೋಳನ್ನು ಹಿಡಿದುಕೊಂಡಳು, ಬಿಡಲಿಲ್ಲ.

ಅದೇ ವಾರ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅವಳದೇ ಕವಾಟವನ್ನು ಉಳಿಸಿ, ಉಬ್ಬಿದ ಬುಡ ತೆಗೆದು ಬಟ್ಟೆಯ ಕೊಳವೆಯೊಂದನ್ನು ಹೊಲಿದರು. ತೆಗೆದ ಭಾಗ ಹಳೆಯ ಸೀರೆಯಂತೆ ತೆಳುವಾಗಿತ್ತು, ಇನ್ನು ಸ್ವಲ್ಪ ದಿನವಷ್ಟೇ ತಡೆಯುತ್ತಿತ್ತು ಎಂದು ಶಸ್ತ್ರವೈದ್ಯರು ಹೇಳಿದರು. ಮಾಲೀಕರು ಆಸ್ಪತ್ರೆಗೆ ಬಂದು ಒಂದು ಮೂಲೆಯಲ್ಲಿ ನಿಂತಿದ್ದು ಹೋದರು. ಸೆಂಟರ್ ಇಲ್ಲದ ತಂಡ ಮೊದಲ ಆಟದಲ್ಲೇ ಸೋತಿತ್ತು. ಆ ವರ್ಷದ ಕೊನೆಗೆ ಹಾಲ್ ಮುಚ್ಚಿದರು. ಲಂಬೂ ಸರ್ ತಮ್ಮ ಸೀಸನ್ ಮುಗಿಸಿ ಹೊರಟರು. ರೈಲು ಹೊರಡುವ ಮುನ್ನ ಅವರಿಗೆ ಆಯಿ ಒಣಗಿಸಿ ಕಳಿಸಿದ್ದ ಕಟಕ ರೊಟ್ಟಿಯ ಗಂಟು ಕೊಟ್ಟೆ. ಅದನ್ನು ಚೆಂಡಿನಂತೆ ಎದೆಗೆ ಒತ್ತಿಕೊಂಡರು.

ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿ ಸೇರಿದೆ. ಹುಡುಗಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಜೀವ ಉಳಿಯಿತೆಂಬುದು ತಿಳಿದವರಿಗೆಲ್ಲ ತಿಳಿದಿತ್ತು, ಆಟ ಹೋಯಿತೆಂಬುದು ಅವಳೊಬ್ಬಳಿಗೆ. ನಾನೂ ಬಲವಂತ ಮಾಡಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಶಾಲೆಯ ಮೈದಾನದ ಬೇವಿನ ಗಿಡದ ಕೆಳಗೆ ಯಾರೋ ನಿಂತಿದ್ದರು. ದೂರದಿಂದಲೇ ಗುರುತು ಹತ್ತಿತು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಅಂಗಿಯ ಕೊರಳಿನಲ್ಲಿ ಗಾಯದ ಮೇಲ್ತುದಿ ಕಾಣುತ್ತಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಮಕ್ಕಳು ಖೋಖೋ ಆಡುತ್ತಿದ್ದರು.

"ಮೇಡಮ್ಮರ, ಒಂದ ಕೇಳೂದಿತ್ರಿ" ಎಂದಳು. "ಮೂವತ್ತರ ಆಚೀಗಿಂದು ನಾ ಯಾವತ್ತೂ ವಿಚಾರ ಮಾಡಿದ್ದಿಲ್ರಿ. ನಮ್ಮ ಮನ್ಯಾಗ ಉದ್ದನ್ನವರು ಅಲ್ಲೀತನಾ ಹೋಗಿಲ್ಲಲ್ರಿ. ಬಿದ್ರ ಬಿದ್ದೆ, ಮುರದ್ರ ಮುರೀಲಿ, ಹೆಂಗೂ ಇರೂದು ನಾಕ ದಿನಾ ಅಂತ ಆಡಾಕಿ ನಾ. ಈಗ ಡಾಕ್ಟರ್ ಅಂತಾರ, ಗುಳಿಗಿ ತಗೊಂಡು ಬರೋಬರಿ ಇದ್ರ ಮುದುಕಿ ಆಗೂತನಾ ಇರ್ತಿ ಅಂತ."

ಅವಳು ತನ್ನ ಉದ್ದನೆಯ ಕಾಲುಗಳನ್ನು ಮುಂದೆ ಚಾಚಿ ನೋಡಿಕೊಂಡಳು.

"ಇಷ್ಟ ಉದ್ದದ ಮುದುಕೀನ ನೀವ್ ಎಲ್ಲ್ಯಾರ ನೋಡೀರೇನ್ರಿ?"

ನಾನು ನೆನಪು ಮಾಡಿಕೊಂಡೆ. ನಮ್ಮ ಓಣಿ, ಸಂತೆ, ಬಸ್ಸು, ಮದುವೆಗಳು.

"ಇಲ್ಲ ಬೇ. ನೋಡಿಲ್ಲ" ಎಂದೆ.

"ನಾನೂ ನೋಡಿಲ್ರಿ" ಎಂದಳು ಅವಳು, ಮತ್ತು ಬಹಳ ಹೊತ್ತು ಆ ಮಕ್ಕಳು ಓಡುವುದನ್ನು ನೋಡುತ್ತಾ ಕೂತಳು.